ಸಿದ್ಧತೆಗೆ ಮುನ್ನವೇ ಶುರುವಾಗುವ ನಕಲು

ಹೀಲಾ ಜೀವಕೋಶಗಳನ್ನು ನಾನು ಮೊದಲ ಸಲ ಸೂಕ್ಷ್ಮದರ್ಶಕದಲ್ಲಿ ನೋಡಿದ್ದು ವಿದ್ಯಾರ್ಥಿಯಾಗಿದ್ದಾಗ. 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಅಮೆರಿಕದ ಮಹಿಳೆಯ ಗರ್ಭಕಂಠದ ಕ್ಯಾನ್ಸರ್ ಗಡ್ಡೆಯಿಂದ, ಆಕೆಯ ಒಪ್ಪಿಗೆಯನ್ನು ಕೇಳದೆಯೇ ತೆಗೆದಿಟ್ಟ ಚೂರಿನಿಂದ ಬೆಳೆದು ಬಂದ ಕೋಶಗಳು ಅವು. ಆಕೆ ಅದೇ ವರ್ಷ ತೀರಿಕೊಂಡರು. ಕೋಶಗಳು ಮಾತ್ರ ಜಗತ್ತಿನ ಪ್ರಯೋಗಾಲಯಗಳಲ್ಲಿ ಇಂದಿಗೂ ವಿಭಜನೆಯಾಗುತ್ತಲೇ ಇವೆ. ಕ್ಯಾನ್ಸರ್ ಎಂದರೆ ಅಂಕೆ ತಪ್ಪಿದ ಬೆಳವಣಿಗೆ ಎಂದು ಓದಿಕೊಂಡಿದ್ದ ನಾನು ಅಲ್ಲಿ ಏನೋ ಒಂದು ಗೊಂದಲ, ದೊಂಬಿ ಕಾಣಿಸೀತು ಎಂದುಕೊಂಡಿದ್ದೆ. ಕಂಡದ್ದು ಬೇರೆಯೇ. ಒಂದು ಕೋಶ ಗುಂಡಗಾಗುತ್ತಿತ್ತು, ವರ್ಣತಂತುಗಳು ನಡುವೆ ಸಾಲುಗಟ್ಟುತ್ತಿದ್ದವು, ಎರಡು ಪಾಲಾಗಿ ಸರಿಯುತ್ತಿದ್ದವು, ಒಂದಿದ್ದಲ್ಲಿ ಎರಡು ಕೋಶಗಳು ಅಂಟಿಕೊಂಡು ಕುಳಿತಿರುತ್ತಿದ್ದವು. ಮೇಲ್ನೋಟಕ್ಕಾದರೂ ಅದರಲ್ಲಿ ಅರಾಜಕತೆ ಎನ್ನುವಂಥದ್ದು ಏನೂ ಇರಲಿಲ್ಲ.

ಆ ವರ್ಷದ ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದರೇನು ಎಂಬ ಪ್ರಶ್ನೆಗೆ ‘ನಿಯಂತ್ರಣವಿಲ್ಲದ ಕೋಶವಿಭಜನೆ’ ಎಂದು ಬರೆದು ಪೂರ್ತಿ ಅಂಕ ಪಡೆದೆ. ಉತ್ತರ ತಪ್ಪಲ್ಲ. ಆದರೆ ಕೋಶವಿಭಜನೆಗೆ ಮುನ್ನ ನಡೆಯಬೇಕಾದ ಒಂದು ದೊಡ್ಡ ಕೆಲಸವನ್ನು, ಎಂದರೆ ಡಿಎನ್‌ಎ ಪೂರ್ತಿಯಾಗಿ ಒಮ್ಮೆ ನಕಲಾಗಬೇಕಾದ ಕೆಲಸವನ್ನು, ಅದು ಕಣ್ಣಿಗೆ ಬೀಳದಂತೆ ಮುಚ್ಚಿಡುತ್ತದೆ ಎಂಬುದು ನನಗೆ ಅರಿವಾಗಲು ಬಹಳ ವರ್ಷಗಳೇ ಬೇಕಾದವು. ಕ್ಯಾನ್ಸರಿನ ಹುಟ್ಟಿನ ಬಗ್ಗೆ ಓದಿದಷ್ಟೂ ಆ ‘ನಿಯಂತ್ರಣವಿಲ್ಲದ’ ಎಂಬ ಪದದ ಮೇಲೆ ನನ್ನ ಸಂಶಯ ಹೆಚ್ಚುತ್ತಲೇ ಹೋಗಿದೆ.

ನಕಲಿನ ಕೆಲಸ ಎಷ್ಟು ದೊಡ್ಡದೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಮನುಷ್ಯನ ಒಂದು ಜೀವಕೋಶದಲ್ಲಿ ತಾಯಿಯ ಪಾಲು, ತಂದೆಯ ಪಾಲು ಎರಡೂ ಸೇರಿ ಡಿಎನ್‌ಎಯ ಸುಮಾರು 640 ಕೋಟಿ ಅಕ್ಷರಜೋಡಿಗಳಿರುತ್ತವೆ (ಎರಡು ಎಳೆಗಳಲ್ಲಿ ಎದುರುಬದುರಾಗಿ ಕೂತ ರಾಸಾಯನಿಕ ಘಟಕಗಳ ಜೋಡಿಗಳು ಇವು); ಉದ್ದಕ್ಕೆ ಎಳೆದು ಹಿಡಿದರೆ ಎರಡು ಮೀಟರಿನಷ್ಟು. ನಕಲು ಮಾಡುವ ಯಂತ್ರವು ಈ ಎಳೆಯ ಮೇಲೆ ನಿಮಿಷಕ್ಕೆ ಒಂದರಿಂದ ಎರಡು ಸಾವಿರ ಅಕ್ಷರಗಳ ವೇಗದಲ್ಲಿ ಚಲಿಸುತ್ತದೆ. ನಮ್ಮ ವರ್ಣತಂತುಗಳಲ್ಲಿ ಎಲ್ಲಕ್ಕಿಂತ ದೊಡ್ಡದಾದ ಒಂದನೆಯದರಲ್ಲಿ 25 ಕೋಟಿಯಷ್ಟು ಅಕ್ಷರಜೋಡಿಗಳಿವೆ. ಅದರ ನಡುಮಧ್ಯದ ಒಂದೇ ಒಂದು ತಾಣದಿಂದ ಎರಡೂ ದಿಕ್ಕಿಗೆ ನಕಲು ಹೊರಟರೆ ಕೊನೆ ಮುಟ್ಟಲು ಹೆಚ್ಚುಕಡಿಮೆ ಎರಡು ತಿಂಗಳು ಹಿಡಿಯುತ್ತದೆ. ಜೀವಕೋಶವು ಈ ಕೆಲಸವನ್ನು ಮುಗಿಸುವುದು ಸುಮಾರು ಎಂಟು ಗಂಟೆಗಳಲ್ಲಿ. ಬ್ಯಾಕ್ಟೀರಿಯಾದಂತೆ ಒಂದೇ ತಾಣವನ್ನು ನೆಚ್ಚಿಕೊಳ್ಳದೆ, ಒಟ್ಟು ಡಿಎನ್‌ಎಯ ಉದ್ದಕ್ಕೂ ಮೂವತ್ತರಿಂದ ಐವತ್ತು ಸಾವಿರ ತಾಣಗಳಲ್ಲಿ ನಕಲನ್ನು ಆರಂಭಿಸುವುದೇ ಅದರ ಉಪಾಯ. ಅವೂ ಎಲ್ಲವೂ ಒಟ್ಟಿಗೆ ಹೊರಡುವುದಿಲ್ಲ. ಕೆಲವು ಮೊದಲ ಗಂಟೆಯಲ್ಲೇ, ಕೆಲವು ಕೊನೆಯ ಗಂಟೆಯಲ್ಲಿ.

ಉಪಾಯವೇನೋ ಸರಿ, ಆದರೆ ಅದು ತನ್ನ ಬೆನ್ನಿಗೇ ಒಂದು ತೊಡಕನ್ನೂ ಕಟ್ಟಿಕೊಂಡು ಬಂದಿದೆ. ಐವತ್ತು ಸಾವಿರ ತಾಣಗಳಲ್ಲಿ ಬೇರೆಬೇರೆ ಹೊತ್ತಿಗೆ ಶುರುವಾಗುವ ಕೆಲಸದಲ್ಲಿ, ಈಗಾಗಲೇ ನಕಲಾಗಿರುವ ಭಾಗ ಯಾವುದು, ಇನ್ನೂ ಆಗಬೇಕಾದದ್ದು ಯಾವುದು ಎಂಬ ಲೆಕ್ಕವನ್ನು ಯಾರು ಇಡುತ್ತಾರೆ? ಯಾವುದೋ ಒಂದು ತಾಣ ಎರಡನೆಯ ಸಲವೂ ಹೊರಟುಬಿಟ್ಟರೆ ಆ ಭಾಗದ ಪ್ರತಿಗಳು ಎರಡಕ್ಕೆ ಬದಲು ನಾಲ್ಕಾಗುತ್ತವೆ. ಒಂದು ವಿಸ್ತಾರ ಹೊರಡದೆಯೇ ಉಳಿದರೆ ಅಲ್ಲಿ ಎಳೆ ಬೇರೆಯಾಗದೆ ವಿಭಜನೆಯ ಎಳೆದಾಟಕ್ಕೆ ಸಿಕ್ಕಿ ತುಂಡಾಗುತ್ತದೆ. ಪ್ರತಿಯೊಂದು ಅಕ್ಷರವೂ ಒಮ್ಮೆ ನಕಲಾಗಬೇಕು, ಒಮ್ಮೆ ಮಾತ್ರ ಆಗಬೇಕು. ಮೇಲ್ವಿಚಾರಕನಿಲ್ಲದ ಒಂದು ರಾಸಾಯನಿಕ ದ್ರಾವಣ ಈ ಎರಡೂ ಷರತ್ತುಗಳನ್ನು ಒಟ್ಟಿಗೆ ಪಾಲಿಸುವುದು ಹೇಗೆ?

ಇದಕ್ಕೆ ಮೊದಲ ಸುಳಿವು ಸಿಕ್ಕಿದ್ದು 1970ರಲ್ಲಿ, ಪೋಟು ರಾವ್ ಮತ್ತು ರಾಬರ್ಟ್ ಜಾನ್ಸನ್ ಇಬ್ಬರೂ ಸೇರಿ ಮಾಡಿದ ಒಂದು ಪ್ರಯೋಗದಿಂದ. ನನ್ನ ಮಟ್ಟಿಗೆ ಕೋಶವಿಜ್ಞಾನದ ಅತ್ಯಂತ ಸೊಗಸಾದ ಪ್ರಯೋಗಗಳಲ್ಲಿ ಇದೂ ಒಂದು, ಏಕೆಂದರೆ ಇದರ ಉಪಕರಣಗಳು ತೀರ ಸರಳ, ಪ್ರಶ್ನೆ ಮಾತ್ರ ಬಹಳ ಹರಿತ. ವೈರಸ್ಸೊಂದರ ನೆರವಿನಿಂದ ಅವರು ಎರಡು ಕೋಶಗಳ ಪೊರೆಯನ್ನು ಬೆಸೆದು, ಒಂದೇ ಕೋಶದೊಳಗೆ ಬೇರೆಬೇರೆ ಹಂತದಲ್ಲಿರುವ ಎರಡು ನ್ಯೂಕ್ಲಿಯಸ್‌ಗಳು ಇರುವಂತೆ ಮಾಡಿದರು. ಇನ್ನೂ ನಕಲನ್ನು ಶುರುಮಾಡದ, ಸಿದ್ಧತೆಯ ಹಂತದಲ್ಲಿರುವ ಕೋಶವನ್ನು (ಇದನ್ನು ಜಿ1 ಹಂತ ಎನ್ನುತ್ತಾರೆ) ನಕಲು ನಡೆಯುತ್ತಿರುವ ಕೋಶದೊಂದಿಗೆ (ಇದು ಎಸ್ ಹಂತ) ಬೆಸೆದಾಗ, ಹಿಂದಿದ್ದ ನ್ಯೂಕ್ಲಿಯಸ್ ತನ್ನ ಸರದಿಗೆ ಮುಂಚೆಯೇ ನಕಲಿಗೆ ಇಳಿಯಿತು. ಎಂದರೆ, ‘ಹೊರಡು’ ಎನ್ನುವ ಏನೋ ಒಂದು ಎಸ್ ಹಂತದ ಕೋಶರಸದಲ್ಲಿದೆ. ಆದರೆ ನಕಲನ್ನು ಆಗಲೇ ಮುಗಿಸಿದ, ವಿಭಜನೆಗೆ ಕಾಯುತ್ತಿರುವ ಜಿ2 ಹಂತದ ಕೋಶವನ್ನು ಅದೇ ಎಸ್ ಹಂತದ ಕೋಶದೊಂದಿಗೆ ಬೆಸೆದಾಗ, ಆ ನ್ಯೂಕ್ಲಿಯಸ್ ಜಗ್ಗಲಿಲ್ಲ. ಪಕ್ಕದಲ್ಲೇ ನಕಲು ಭರದಿಂದ ಸಾಗಿದ್ದರೂ, ಹೊರಡು ಎನ್ನುವ ಸಂಕೇತ ಸುತ್ತಲೂ ತುಂಬಿಕೊಂಡಿದ್ದರೂ, ಒಮ್ಮೆ ಮುಗಿಸಿದ ಕೆಲಸಕ್ಕೆ ಅದು ಮತ್ತೆ ಕೈಹಾಕಲಿಲ್ಲ.

ಈ ಪ್ರಯೋಗಕ್ಕೆ ಅವರು ಬಳಸಿದ್ದು ಹೀಲಾ ಕೋಶಗಳನ್ನು. ಈ ವಿವರವನ್ನು ಪಠ್ಯಪುಸ್ತಕಗಳು ದಾಟಿಸಿಬಿಡುತ್ತವೆ, ನಾನಂತೂ ಇಲ್ಲಿ ಬಹಳ ಹೊತ್ತು ನಿಂತಿದ್ದೇನೆ. ಒಮ್ಮೆ ಮಾತ್ರ ಎಂಬ ನಿಯಮವನ್ನು ಮನುಷ್ಯರ ಜೀವಕೋಶ ಪಾಲಿಸುತ್ತದೆ ಎಂಬುದಕ್ಕೆ ಮೊದಲ ಸಾಕ್ಷ್ಯ ನುಡಿದದ್ದು ಒಂದು ಕ್ಯಾನ್ಸರ್ ಕೋಶ! ವರ್ಣತಂತುಗಳ ಸಂಖ್ಯೆ 46ರ ಬದಲು ಎಪ್ಪತ್ತನ್ನೂ ಮೀರಿರುವ, ಎಷ್ಟೋ ನಿಯಮಗಳನ್ನು ಗಾಳಿಗೆ ತೂರಿರುವ ಕೋಶ ಕೂಡ ಈ ಒಂದನ್ನು ಕೈಬಿಟ್ಟಿಲ್ಲ. ಹಾಗಿದ್ದಲ್ಲಿ ಕ್ಯಾನ್ಸರ್ ಕೋಶವು ನಕಲಿನ ವ್ಯವಸ್ಥೆಯಲ್ಲಿ ಕೆಡಿಸಿಕೊಂಡಿರುವುದಾದರೂ ಏನನ್ನು?

ಉತ್ತರಕ್ಕೆ ಹೋಗುವ ಮುನ್ನ ನಿಯಮದ ಒಳಗುಟ್ಟನ್ನು ನೋಡಬೇಕು. 1988ರಲ್ಲಿ ಜೂಲಿಯನ್ ಬ್ಲೋ ಮತ್ತು ರಾನ್ ಲಾಸ್ಕಿ, ಕಪ್ಪೆಯ ಮೊಟ್ಟೆಗಳ ಸಾರದಲ್ಲಿ ನಡೆಸಿದ ಪ್ರಯೋಗಗಳ ಆಧಾರದ ಮೇಲೆ ಒಂದು ಊಹೆಯನ್ನು ಮುಂದಿಟ್ಟರು. ನಕಲು ಶುರುವಾಗುವುದಕ್ಕೆ ಮೊದಲು ಪ್ರತಿಯೊಂದು ತಾಣಕ್ಕೂ ಒಂದು ಪರವಾನಗಿ ಬೇಕು. ನಕಲು ಹೊರಟೊಡನೆ ಆ ಪರವಾನಗಿ ಖರ್ಚಾಗಿ ಹೋಗುತ್ತದೆ. ಕೋಶ ವಿಭಜನೆಯನ್ನು ಹಾದು ಬರುವವರೆಗೆ ಹೊಸ ಪರವಾನಗಿ ಸಿಗುವುದಿಲ್ಲ. ನ್ಯೂಕ್ಲಿಯಸ್ಸಿನ ಪೊರೆ ಒಡೆದಾಗ ಮಾತ್ರ ಪರವಾನಗಿಯ ಅಂಶ ಒಳಹೋಗುತ್ತದೆ ಎಂಬ ಅವರ ಮೂಲ ಚಿತ್ರ ಮುಂದೆ ಸಾಕಷ್ಟು ಬದಲಾಯಿತು, ಆದರೆ ಪರವಾನಗಿ ಎಂಬ ಕಲ್ಪನೆ ಉಳಿದುಕೊಂಡಿತು. 1992ರಲ್ಲಿ ಸ್ಟೀಫನ್ ಬೆಲ್ ಮತ್ತು ಬ್ರೂಸ್ ಸ್ಟಿಲ್‌ಮನ್ ಯೀಸ್ಟ್‌ನಲ್ಲಿ ಆರಂಭ ತಾಣಗಳನ್ನು ಗುರುತಿಸಿ ಕೂರುವ ಪ್ರೋಟೀನ್ ಗುಂಪನ್ನು, ಈಗ ಒಆರ್‌ಸಿ ಎನ್ನುವುದನ್ನು, ಪತ್ತೆ ಮಾಡಿದರು. ಅದರ ಮೇಲೆ ಸಿಡಿಸಿ6, ಸಿಡಿಟಿ1 ಎಂಬ ಇನ್ನೆರಡು ಪ್ರೋಟೀನುಗಳು ಬಂದು ಸೇರುತ್ತವೆ; ಇವೆಲ್ಲ ಕೂಡಿ ಎಂಸಿಎಂ ಎಂಬ, ಆರು ಘಟಕಗಳ ಉಂಗುರವೊಂದನ್ನು ಡಿಎನ್‌ಎ ಎಳೆಗೆ ತೊಡಿಸುತ್ತವೆ. ಹೀಗೆ ತಲೆಗೆ ತಲೆ ತಾಗಿದಂತೆ ತೊಡಿಸಿದ ಎರಡು ಉಂಗುರಗಳೇ ಪರವಾನಗಿ. ನಕಲು ಶುರುವಾದಾಗ ಎರಡೂ ಉಂಗುರಗಳು ಎದ್ದು, ಎಳೆಗಳನ್ನು ಬಿಡಿಸುತ್ತ ತಾಣದಿಂದ ಎರಡು ದಿಕ್ಕಿಗೆ ಹೊರಟು ಹೋಗುತ್ತವೆ, ತಾಣ ಬರಿದಾಗುತ್ತದೆ. ಪರವಾನಗಿಯೇ ಯಂತ್ರವೂ ಆಗಿರುವ ಈ ಏರ್ಪಾಡಿನಲ್ಲಿ, ಅದನ್ನು ಬಳಸುವುದೂ ಕಳೆದುಕೊಳ್ಳುವುದೂ ಒಂದೇ ಕ್ರಿಯೆ.

ಇನ್ನು ಉಳಿದದ್ದು, ಬರಿದಾದ ತಾಣಕ್ಕೆ ಹೊಸ ಉಂಗುರವನ್ನು ಯಾರೂ ತೊಡಿಸದಂತೆ ನೋಡಿಕೊಳ್ಳುವುದು. ಇದರ ಕೀಲಿ ಸಿಡಿಕೆ ಎಂಬ ಕಿಣ್ವಗಳ ಕೈಯಲ್ಲಿದೆ. ಸೈಕ್ಲಿನ್ ಎಂಬ ಪ್ರೋಟೀನುಗಳ ಜೊತೆ ಸೇರಿದಾಗಲಷ್ಟೇ ಎಚ್ಚರಗೊಳ್ಳುವ ಈ ಕಿಣ್ವಗಳ ಚಟುವಟಿಕೆ ಜಿ1 ಹಂತದಲ್ಲಿ ತಗ್ಗಿರುತ್ತದೆ. ಆಗ ಉಂಗುರ ತೊಡಿಸುವ ಕೆಲಸ ನಡೆಯಬಹುದು, ಆದರೆ ತೊಡಿಸಿದ ಉಂಗುರಗಳು ಓಡಲಾರವು. ಮುಂದೆ ಸಿಡಿಕೆ ಚಟುವಟಿಕೆ ಏರುತ್ತದೆ. ಆಗ ಉಂಗುರಗಳು ಓಡತೊಡಗುತ್ತವೆ, ಹೊಸದಾಗಿ ತೊಡಿಸುವುದು ನಿಲ್ಲುತ್ತದೆ. ಮನುಷ್ಯರ ಕೋಶಗಳಲ್ಲಿ ಜೆಮಿನಿನ್ ಎಂಬ ಮತ್ತೊಂದು ಪ್ರೋಟೀನು ಸಿಡಿಟಿ1 ಅನ್ನು ಹಿಡಿದು ಕೂತು, ನಕಲಿನ ಯಂತ್ರದ ಹಿಂದೆಯೇ ಬರುವ ಇನ್ನೊಂದು ವ್ಯವಸ್ಥೆ ಆ ಸಿಡಿಟಿ1 ಅನ್ನು ಚೂರು ಮಾಡಿ ಎಸೆದು, ಬಾಗಿಲಿಗೆ ಎರಡೆರಡು ಅಗುಳಿ ಹಾಕುತ್ತವೆ. ಹೀಗೆ ಸಿದ್ಧತೆಯ ಕಾಲ ಮತ್ತು ಪ್ರಯಾಣದ ಕಾಲ ಎರಡೂ ಎಂದೂ ಒಂದರ ಮೇಲೊಂದು ಬೀಳುವುದಿಲ್ಲ. ರಾವ್ ಮತ್ತು ಜಾನ್ಸನ್ ಬೆಸೆದ ಜಿ2 ನ್ಯೂಕ್ಲಿಯಸ್ ಏಕೆ ಜಗ್ಗಲಿಲ್ಲವೆಂದರೆ, ಅದರ ಎಳೆಗಳ ಮೇಲೆ ಓಡಬಲ್ಲ ಉಂಗುರಗಳೇ ಉಳಿದಿರಲಿಲ್ಲ.

ಈ ವ್ಯವಸ್ಥೆಯ ಸೊಗಸಿಗೆ ಮಾರುಹೋಗಿ ನಾನು ಬಹುಕಾಲ ಅದರ ದುರ್ಬಲ ಜಾಗವನ್ನು ಗಮನಿಸಿರಲಿಲ್ಲ. ಪ್ರಯಾಣ ಆರಂಭವಾದ ಮೇಲೆ ಹೊಸ ಪರವಾನಗಿ ಸಿಗುವುದಿಲ್ಲ ಎಂದಾದರೆ, ಬೇಕಾಗುವ ಪರವಾನಗಿಗಳನ್ನೆಲ್ಲ ಹೊರಡುವ ಮುನ್ನವೇ ಕೂಡಿಸಿಟ್ಟುಕೊಂಡಿರಬೇಕು. ದಾರಿಯಲ್ಲಿ ಯಂತ್ರ ಕೆಟ್ಟು ನಿಂತರೆ, ಎದುರಿನಿಂದ ಬರುವ ಯಂತ್ರವೂ ನಿಂತುಹೋದರೆ, ಅವೆರಡರ ನಡುವಿನ ಭಾಗವನ್ನು ನಕಲು ಮಾಡಲು ಅಲ್ಲೇ ಒಂದು ಹೊಸ ಆರಂಭ ಬೇಕಾಗುತ್ತದೆ. ಅದಕ್ಕಾಗಿಯೇ ಆರೋಗ್ಯವಂತ ಕೋಶ, ತಾನು ಬಳಸುವ ತಾಣಗಳಿಗಿಂತ ಎಷ್ಟೋ ಪಾಲು ಹೆಚ್ಚು ತಾಣಗಳಿಗೆ ಉಂಗುರ ತೊಡಿಸಿಟ್ಟಿರುತ್ತದೆ. ಅವುಗಳಲ್ಲಿ ಬಹುಪಾಲು ಸುಮ್ಮನೆ ಮಲಗಿದ್ದು, ಪಕ್ಕದಿಂದ ಯಂತ್ರ ಹಾದು ಹೋಗುವಾಗ ಕಳಚಿಬೀಳುತ್ತವೆ. ಆಪತ್ತು ಬಂದರೆ ಮಾತ್ರ ಎಚ್ಚರಗೊಳ್ಳುತ್ತವೆ. ಎಂಸಿಎಂ ಇಷ್ಟೊಂದು ಏಕೆ ಎಂಬುದು ಒಂದು ಕಾಲಕ್ಕೆ ವಿಜ್ಞಾನಿಗಳಿಗೆ ಒಗಟಾಗಿತ್ತು, ಏಕೆಂದರೆ ಪ್ರಯೋಗಾಲಯದಲ್ಲಿ ಅದರ ಪ್ರಮಾಣವನ್ನು ಬಹಳಷ್ಟು ತಗ್ಗಿಸಿದರೂ ಕೋಶ ಎಂದಿನಂತೆಯೇ ನಕಲು ಮುಗಿಸುತ್ತಿತ್ತು. ಅದೇ ಕೋಶಕ್ಕೆ ನಕಲಿನ ವೇಗವನ್ನು ತುಸು ತಗ್ಗಿಸುವ ರಾಸಾಯನಿಕವನ್ನು ಕೊಟ್ಟಾಗ ಬಡತನ ಬಯಲಾಯಿತು.

2007ರಲ್ಲಿ ವರದಿಯಾದ ಒಂದು ಇಲಿಯ ಕಥೆ ಇಲ್ಲಿ ಸಲ್ಲುತ್ತದೆ. ಆ ಇಲಿಗಳಲ್ಲಿ ಉಂಗುರದ ಒಂದು ಘಟಕವಾದ ಎಂಸಿಎಂ4 ಪ್ರೋಟೀನಿನಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿತ್ತು. ಉಂಗುರ ಕೆಲಸ ಮಾಡುತ್ತಿತ್ತು, ಇಲಿ ಹುಟ್ಟಿ ಬೆಳೆಯುತ್ತಿತ್ತು, ಆದರೆ ಉಂಗುರಗಳ ದಾಸ್ತಾನು ಕಡಿಮೆ. ಆ ತಳಿಯ ಹೆಣ್ಣಿಲಿಗಳಲ್ಲಿ ಬಹುಪಾಲು ಸ್ತನದ ಕ್ಯಾನ್ಸರಿಗೆ ತುತ್ತಾದವು. ಇಲ್ಲಿ ಕ್ಯಾನ್ಸರ್ ಬಂದದ್ದು ಯಾವುದೋ ಬೆಳವಣಿಗೆಯ ಸಂಕೇತ ಜೋರಾದುದರಿಂದ ಅಲ್ಲ. ನಕಲಿಗೆ ಹೊರಡುವ ಸಿದ್ಧತೆ ಸಾಲದೇ ಹೋದದ್ದರಿಂದ. ಆದರೆ ಇದರಿಂದ ಅವಸರದ ತೀರ್ಮಾನಕ್ಕೆ ಬರಬಾರದೆಂದು ಎಚ್ಚರಿಸುವ ಮನುಷ್ಯರ ಉದಾಹರಣೆಯೂ ಒಂದಿದೆ. ಒಆರ್‌ಸಿ, ಸಿಡಿಸಿ6, ಸಿಡಿಟಿ1 ಜೀನುಗಳಲ್ಲಿ ದೋಷವಿರುವ ಮೀಯರ್-ಗೋರ್ಲಿನ್ ಎಂಬ ಅಪರೂಪದ ಆನುವಂಶಿಕ ಸ್ಥಿತಿಯಲ್ಲಿ ಮುಖ್ಯವಾಗಿ ಕಾಣುವುದು ಗಿಡ್ಡ ದೇಹ, ಚಿಕ್ಕ ಕಿವಿಗಳು, ಇಲ್ಲದ ಅಥವಾ ಸಣ್ಣದಾದ ಮೊಣಕಾಲ ಚಿಪ್ಪು. ಅದರ ಲಕ್ಷಣಗಳ ಪಟ್ಟಿಯಲ್ಲಿ ಕ್ಯಾನ್ಸರ್ ಇಲ್ಲ. ಸಿದ್ಧತೆ ಸಾಲದಿದ್ದಾಗ ಕೋಶ ತಾನಾಗಿಯೇ ತಡೆದು ನಿಂತರೆ ದೇಹ ಕಿರಿದಾಗುತ್ತದೆ. ಸಾಲದಿದ್ದರೂ ಹೊರಟೇಬಿಟ್ಟರೆ ಬೇರೆಯದೇ ಆಗುತ್ತದೆ.

ಆ ಬೇರೆಯದೇ ಆಗುವುದಕ್ಕೆ ಹೀಲಾ ಕೋಶವೇ ಒಳ್ಳೆಯ ಉದಾಹರಣೆ. ಅದರೊಳಗೆ ಮಾನವ ಪ್ಯಾಪಿಲೋಮಾ ವೈರಸ್ಸಿನ 18ನೆಯ ಬಗೆಯ ಜೀನುಗಳು ಸೇರಿಕೊಂಡಿವೆ ಎಂಬುದನ್ನು 1980ರ ದಶಕದಲ್ಲಿ ಹೆರಾಲ್ಡ್ ಸುರ್ ಹೌಸೆನ್ ಅವರ ತಂಡ ತೋರಿಸಿಕೊಟ್ಟಿತು. ಗರ್ಭಕಂಠದ ಕ್ಯಾನ್ಸರಿಗೂ ಈ ವೈರಸ್ಸಿಗೂ ಇರುವ ನಂಟನ್ನು ಕಂಡುಹಿಡಿದದ್ದಕ್ಕೆ ಅವರಿಗೆ 2008ರ ನೊಬೆಲ್ ಬಂತು. ವೈರಸ್ಸಿಗೆ ಸ್ವಂತ ನಕಲಿನ ಯಂತ್ರ ಪೂರ್ತಿಯಾಗಿ ಇಲ್ಲ. ತನ್ನ ಡಿಎನ್‌ಎ ಹೆಚ್ಚಬೇಕಾದರೆ ಅದಕ್ಕೆ ಎಸ್ ಹಂತದಲ್ಲಿರುವ ಒಂದು ಕೋಶ ಬೇಕು. ಆದರೆ ಗರ್ಭಕಂಠದ ಮೇಲ್ಪದರದ ಕೋಶಗಳು ವಿಭಜನೆಯನ್ನು ಬಿಟ್ಟು ವಿಶ್ರಾಂತಿಗೆ ಸರಿದಿರುತ್ತವೆ. ಅವನ್ನು ಮತ್ತೆ ಎಬ್ಬಿಸಲು ವೈರಸ್ಸಿನ ಇ7 ಪ್ರೋಟೀನು ಆರ್‌ಬಿ ಎಂಬ ಕಾವಲುಗಾರನನ್ನು ಹಿಡಿದು ನಿಷ್ಕ್ರಿಯಗೊಳಿಸುತ್ತದೆ. ಆರ್‌ಬಿಯ ಕೆಲಸ ಇ2ಎಫ್ ಎಂಬ ಪ್ರೋಟೀನುಗಳನ್ನು ಕಟ್ಟಿಹಾಕುವುದು. ಕಟ್ಟು ಬಿಚ್ಚಿಕೊಂಡ ಇ2ಎಫ್, ನಕಲಿಗೆ ಬೇಕಾದ ಜೀನುಗಳನ್ನು ಎಚ್ಚರಿಸುತ್ತದೆ, ಅವುಗಳ ಜೊತೆಗೆ ಸೈಕ್ಲಿನ್ ಇ ಅನ್ನೂ. ವೈರಸ್ಸಿಲ್ಲದ ಕ್ಯಾನ್ಸರುಗಳಲ್ಲಿ ಇದೇ ಗುರಿಯನ್ನು ಬೇರೆ ಹಾದಿಗಳು ಮುಟ್ಟುತ್ತವೆ: ಎಲ್ಲೋ ಆರ್‌ಬಿ ಜೀನೇ ಕಳೆದುಹೋಗಿರುತ್ತದೆ, ಎಲ್ಲೋ ಸೈಕ್ಲಿನ್ ಜೀನಿನ ಪ್ರತಿಗಳು ಹೆಚ್ಚಿರುತ್ತವೆ, ಎಲ್ಲೋ ರಾಸ್ ಅಥವಾ ಮಿಕ್ ಎಂಬ ಜೀನುಗಳು ಬಿಡುವಿಲ್ಲದೆ ಒತ್ತಾಯಿಸುತ್ತಿರುತ್ತವೆ.

ಈಗ ಸಿಡಿಕೆಯ ಇಬ್ಬಗೆಯ ಗುಣವನ್ನು ನೆನಪಿಸಿಕೊಳ್ಳಿ. ಸೈಕ್ಲಿನ್ ಇ ಸಿಡಿಕೆಯ ಸಂಗಾತಿ. ಅದು ಹೊತ್ತಿಗೆ ಮುಂಚೆ ಹೆಚ್ಚಿದರೆ ಕೋಶ ಬೇಗ ಹೊರಡುತ್ತದೆ ಎಂಬುದು ಎಲ್ಲರೂ ಹೇಳುವ ಮಾತು. ಅದೇ ಏರಿಕೆ ಉಂಗುರ ತೊಡಿಸುವ ಕೆಲಸವನ್ನೂ ಅಷ್ಟೇ ಮುಂಚಿತವಾಗಿ ನಿಲ್ಲಿಸಿಬಿಡುತ್ತದೆ ಎಂಬುದು ಅಷ್ಟಾಗಿ ಯಾರೂ ಹೇಳದ ಮಾತು. ಸೈಕ್ಲಿನ್ ಇ ಹದ ತಪ್ಪಿದ ಮನುಷ್ಯರ ಕೋಶಗಳಲ್ಲಿ ಎಂಸಿಎಂ ಉಂಗುರಗಳು ಡಿಎನ್‌ಎಯ ಮೇಲೆ ಸರಿಯಾಗಿ ಸೇರುವುದಿಲ್ಲ ಎಂದು 2004ರ ಒಂದು ಅಧ್ಯಯನ ತೋರಿಸಿತು. ಹೊರಡುವ ಗಂಟೆಯನ್ನೂ ಬಾಗಿಲು ಮುಚ್ಚುವ ಗಂಟೆಯನ್ನೂ ಬಾರಿಸುವ ಕೈ ಒಂದೇ ಆಗಿರುವುದರಿಂದ, ಗಂಟೆ ಮುಂಚಿತವಾಗಿ ಬಾರಿಸಿದಷ್ಟೂ ಒಳಗೆ ಸೇರಿಕೊಂಡವರು ಕಡಿಮೆ. ನನ್ನ ಸಂಶಯಕ್ಕೆ ಉತ್ತರ ಸಿಕ್ಕಿದ್ದು ಇಲ್ಲಿ. ಒಮ್ಮೆ ಮಾತ್ರ ಎಂಬ ನಿಯಮ ಹೀಲಾ ಕೋಶದಲ್ಲಿ ಮುರಿದಿಲ್ಲ. ಮುರಿದಿರುವುದು, ಆ ನಿಯಮವನ್ನು ಸುರಕ್ಷಿತವಾಗಿ ಪಾಲಿಸಲು ಕೋಶಕ್ಕೆ ಬೇಕಾದ ಬಿಡುವು. ನಿಯಮ ಹಾಗೆಯೇ ಉಳಿದು ಬಿಡುವು ಮಾತ್ರ ಹೋದಾಗ, ಕಾಪಾಡಬೇಕಾದ ನಿಯಮವೇ ಉರುಳಾಗುತ್ತದೆ, ಏಕೆಂದರೆ ದಾರಿಯ ನಡುವೆ ಕೊರತೆ ಕಂಡುಬಂದರೂ ತುಂಬಿಕೊಳ್ಳಲು ಅದು ಬಿಡುವುದಿಲ್ಲ.

ಕೊರತೆ ಪರವಾನಗಿಗಳದ್ದು ಮಾತ್ರವೂ ಅಲ್ಲ. ಪ್ಯಾಪಿಲೋಮಾ ವೈರಸ್ಸಿನ ಇ6, ಇ7 ಜೀನುಗಳನ್ನು ಅಥವಾ ಸೈಕ್ಲಿನ್ ಇ ಅನ್ನು ಕೋಶಗಳಿಗೆ ಸೇರಿಸಿದಾಗ, ಡಿಎನ್‌ಎ ಕಟ್ಟಲು ಬೇಕಾದ ನ್ಯೂಕ್ಲಿಯೋಟೈಡುಗಳು ಸಾಲದೆ ನಕಲು ಕುಂಟುತ್ತದೆ ಎಂದೂ, ಹೊರಗಿನಿಂದ ಆ ಕಚ್ಚಾವಸ್ತುವನ್ನು ಒದಗಿಸಿದರೆ ಹಾನಿ ತಗ್ಗುತ್ತದೆ ಎಂದೂ 2011ರಲ್ಲಿ ತಿಳಿದುಬಂತು. 2018ರಲ್ಲಿ ಮತ್ತೊಂದು ಮುಖ ಕಂಡಿತು: ಅವಸರದ ಕೋಶಗಳಲ್ಲಿ ಜೀನುಗಳ ಒಳಗಿನ ತಾಣಗಳೂ ಎಚ್ಚರಗೊಳ್ಳುತ್ತವೆ. ಸಾಮಾನ್ಯವಾಗಿ ಜಿ1 ಹಂತದಲ್ಲಿ ಜೀನನ್ನು ಓದುತ್ತ ಸಾಗುವ ಆರ್‌ಎನ್‌ಎ ಯಂತ್ರಗಳು ಇಂಥ ತಾಣಗಳನ್ನು ಗುಡಿಸಿಹಾಕಿಬಿಡುತ್ತವೆ. ಜಿ1 ಮೊಟಕಾದರೆ ಗುಡಿಸಲು ಸಮಯ ಸಾಲದು. ಆಗ ಓದುವ ಯಂತ್ರವೂ ನಕಲಿನ ಯಂತ್ರವೂ ಒಂದೇ ಹಳಿಯ ಮೇಲೆ ಎದುರಾಗುತ್ತವೆ.

ಇದೆಲ್ಲದರ ಪೆಟ್ಟು ಎಲ್ಲ ಕಡೆಗೂ ಸಮನಾಗಿ ಬೀಳುವುದಿಲ್ಲ. ಮೂರನೆಯ ವರ್ಣತಂತುವಿನ ಮೇಲೆ ಎಫ್‌ಆರ್‌ಎ3ಬಿ ಎಂಬ ಒಂದು ಭಾಗವಿದೆ. ತೀರ ಉದ್ದವಾದ ಒಂದು ಜೀನಿನ ನಡುವೆ, ಆರಂಭ ತಾಣಗಳು ವಿರಳವಾಗಿರುವ, ನಕಲು ತಡವಾಗಿ ಮುಗಿಯುವ ಜಾಗ ಅದು. ನಕಲನ್ನು ನಿಧಾನಗೊಳಿಸಿದರೆ ಮೊದಲು ಬಿರುಕು ಬಿಡುವುದು ಇಂಥ ಜಾಗಗಳೇ. ಇವನ್ನು ಭಿದುರ ತಾಣಗಳೆನ್ನುತ್ತಾರೆ. ಪ್ರಯೋಗಾಲಯದಲ್ಲಿ ರಾಸಾಯನಿಕ ಕೊಟ್ಟು ಬಿರುಕು ಬರಿಸಿದ ಅದೇ ಜಾಗಗಳು ರೋಗಿಗಳ ಗಡ್ಡೆಗಳಲ್ಲಿಯೂ ತುಂಡಾಗಿ ಕಳೆದುಹೋಗಿರುವುದು ಕಂಡುಬಂದಾಗ, ಆ ಗಡ್ಡೆಗಳು ಬೆಳೆಯುತ್ತ ಬಂದ ಹಾದಿಯಲ್ಲಿ ನಕಲಿನ ಸಂಕಟವನ್ನು ಅನುಭವಿಸಿದ್ದವು ಎಂಬುದಕ್ಕೆ ಗುರುತು ಸಿಕ್ಕಂತಾಯಿತು.

ಆ ಸಂಕಟ ಎಷ್ಟು ಮುಂಚಿತವಾಗಿ ಶುರುವಾಗುತ್ತದೆ ಎಂಬುದನ್ನು ತೋರಿಸಿದ್ದು 2005ರ ಏಪ್ರಿಲ್‌ನಲ್ಲಿ ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಪ್ರಕಟವಾದ ಎರಡು ಪ್ರಬಂಧಗಳು. ಜಿರಿ ಬಾರ್ಟೆಕ್ ಅವರ ತಂಡವೊಂದು, ವಾಸಿಲಿಸ್ ಗೊರ್ಗುಲಿಸ್ ಹಾಗೂ ಥಾನೋಸ್ ಹಲಾಜೊನೆಟಿಸ್ ಅವರ ತಂಡವೊಂದು, ಮೂತ್ರಕೋಶ, ಶ್ವಾಸಕೋಶ ಮೊದಲಾದ ಅಂಗಗಳ ಕ್ಯಾನ್ಸರ್‌ಪೂರ್ವ ಅಂಗಾಂಶಗಳನ್ನು ಪರೀಕ್ಷಿಸಿದವು. ಇನ್ನೂ ಪೂರ್ಣ ಕ್ಯಾನ್ಸರ್ ಆಗಿರದ ಆ ಕೋಶಗಳಲ್ಲಿ ಡಿಎನ್‌ಎ ಹಾನಿಯ ಎಚ್ಚರಿಕೆಯ ವ್ಯವಸ್ಥೆ ಆಗಲೇ ಮೊಳಗುತ್ತಿತ್ತು. ಮುಂದೆ ಬೆಳೆದು ನಿಂತ ಕ್ಯಾನ್ಸರುಗಳಲ್ಲಿ, ಆ ಮೊಳಗುವಿಕೆಗೆ ಓಗೊಟ್ಟು ಕೋಶವನ್ನು ತಡೆಯಬೇಕಾದ ಪಿ53ರಂಥ ಪ್ರೋಟೀನುಗಳು ಕೆಟ್ಟಿದ್ದವು. ನಾವು ಕಲಿತ ಕಥೆಯ ಕ್ರಮವನ್ನೇ ಇದು ತಿರುಗಿಸಿತು ಎಂದು ನನಗೆ ಅನ್ನಿಸುತ್ತದೆ. ಕಾವಲು ಸತ್ತಿತು, ಆಮೇಲೆ ಜೀನುಗಳು ಹಾಳಾದವು ಎಂಬುದು ನಮ್ಮ ಕಥೆಯಾಗಿತ್ತು. ಇಲ್ಲಿ ಮೊದಲು ಬಂದದ್ದು ಅವಸರದ ನಕಲು, ಅದರಿಂದ ಹಾನಿ, ಹಾನಿಯಿಂದ ಎಚ್ಚರಿಕೆ. ಆ ಎಚ್ಚರಿಕೆಗೆ ಮಣಿದ ಕೋಶಗಳು ಮುಪ್ಪಾಗಿ ನಿಂತವು ಅಥವಾ ಸತ್ತವು; ಕಿವಿ ಕೆಪ್ಪಾದವು ಮಾತ್ರ ಮುಂದುವರಿದವು. ಎಲ್ಲ ಮಾನವ ಕ್ಯಾನ್ಸರುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಪಿ53 ಕೆಟ್ಟಿರುವುದಕ್ಕೆ ಇದೊಂದು ಒಪ್ಪಬಹುದಾದ ವಿವರಣೆ. ಹೀಲಾದಲ್ಲಿ ಪಿ53 ಜೀನು ನೆಟ್ಟಗೇ ಇದೆ; ಆದರೆ ವೈರಸ್ಸಿನ ಇ6, ತಯಾರಾದ ಪ್ರೋಟೀನನ್ನು ಕೈಯಾರೆ ನಾಶಕ್ಕೆ ತಳ್ಳುತ್ತಿರುತ್ತದೆ.

ಇಷ್ಟು ಹೇಳಿದ ಮೇಲೆ, ಒಂದೇ ಸುತ್ತಿನಲ್ಲಿ ಎರಡು ಸಲ ನಕಲಾಗುವ ಸಂಗತಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಸಿಡಿಟಿ1 ಮಿತಿಮೀರಿದರೆ ಅಥವಾ ಜೆಮಿನಿನ್ ಇಲ್ಲವಾದರೆ ಪ್ರಯೋಗಾಲಯದ ಕೋಶಗಳಲ್ಲಿ ಇದು ನಡೆಯುವುದುಂಟು, ಕೆಲವು ಗಡ್ಡೆಗಳಲ್ಲಿ ಸಿಡಿಟಿ1, ಸಿಡಿಸಿ6 ಹೆಚ್ಚಿರುವುದೂ ಉಂಟು. ಆದರೆ ಬಹುತೇಕ ಕೋಶಗಳಿಗೆ ಇದು ಸಾವಿನ ಹಾದಿ. ಡಿಎನ್‌ಎಯ ಪ್ರಮಾಣ ಹೆಚ್ಚುವುದೇ ರೋಗವೂ ಅಲ್ಲ: ಯಕೃತ್ತಿನ ಎಷ್ಟೋ ಕೋಶಗಳು, ರಕ್ತದ ಕಿರುಬಿಲ್ಲೆಗಳನ್ನು ಹುಟ್ಟಿಸುವ ದೈತ್ಯ ಕೋಶಗಳು, ವಿಭಜನೆ ಪೂರ್ಣವಾಗದೆಯೇ ಇಡೀ ಡಿಎನ್‌ಎಯನ್ನು ಹಲವು ಪಟ್ಟು ಮಾಡಿಕೊಂಡು ಶಿಸ್ತಿನಿಂದ ಬಾಳುತ್ತವೆ.

ಅಕ್ಷರತಪ್ಪುಗಳದ್ದು ಬೇರೆ ಅಧ್ಯಾಯವಾದರೂ ಬಿಟ್ಟು ಮುಂದೆ ಹೋಗುವಂತಿಲ್ಲ. ಡಿಎನ್‌ಎ ಪಾಲಿಮರೇಸ್ ಕಿಣ್ವ ಅಕ್ಷರವನ್ನು ಆಯುವಾಗ ಸುಮಾರು ಲಕ್ಷಕ್ಕೊಂದು ತಪ್ಪು ಮಾಡುತ್ತದೆ. ತಾನೇ ಹಿಂದೆ ಸರಿದು ತಿದ್ದಿಕೊಂಡಾಗ ಅದು ಕೋಟಿಗೊಂದಕ್ಕೆ ಇಳಿಯುತ್ತದೆ. ಹಿಂದಿನಿಂದ ಬರುವ ತಿದ್ದುಪಡಿಯ ವ್ಯವಸ್ಥೆ ನೂರು ಕೋಟಿಗೊಂದಕ್ಕೂ ಕೆಳಗೆ ತರುತ್ತದೆ. ಆ ಹಿಂದಿನ ತಿದ್ದುಗಾರರನ್ನು ಹುಟ್ಟಿನಿಂದಲೇ ಅರೆಬರೆಯಾಗಿ ಪಡೆದವರಲ್ಲಿ ದೊಡ್ಡ ಕರುಳಿನ, ಗರ್ಭಕೋಶದ ಕ್ಯಾನ್ಸರಿನ ಅಪಾಯ ಹೆಚ್ಚು. ಇದೇ ಲಿಂಚ್ ಸಿಂಡ್ರೋಮ್. 2015ರ ಜನವರಿಯಲ್ಲಿ ಕ್ರಿಸ್ಟಿಯನ್ ತೊಮಾಸೆಟ್ಟಿ ಮತ್ತು ಬರ್ಟ್ ವೋಗಲ್‌ಸ್ಟೈನ್, 31 ಅಂಗಾಂಶಗಳಲ್ಲಿ ಹೊಸ ಕೋಶಗಳನ್ನು ಹುಟ್ಟಿಸುವ ಕಾಂಡಕೋಶಗಳು ಜೀವಮಾನದಲ್ಲಿ ಎಷ್ಟು ಸಲ ವಿಭಜಿಸುತ್ತವೆ ಎಂಬುದಕ್ಕೂ ಆ ಅಂಗಾಂಶದ ಕ್ಯಾನ್ಸರ್ ಅಪಾಯಕ್ಕೂ ಬಲವಾದ ಸಂಬಂಧವಿದೆ ಎಂದು ತೋರಿಸಿದರು. ಅಂಗಾಂಶದಿಂದ ಅಂಗಾಂಶಕ್ಕೆ ಅಪಾಯದಲ್ಲಿ ಕಾಣುವ ವ್ಯತ್ಯಾಸದ ಸುಮಾರು ಮೂರನೇ ಎರಡು ಭಾಗಕ್ಕೆ ಇದು ವಿವರಣೆ ನೀಡುತ್ತದೆ ಎಂಬುದು ಅವರ ಲೆಕ್ಕ. ‘ಕ್ಯಾನ್ಸರುಗಳಲ್ಲಿ ಮೂರನೇ ಎರಡು ಪಾಲು ಬರೀ ದುರದೃಷ್ಟ’ ಎಂದು ಸುದ್ದಿಯಾದದ್ದು ಆ ಲೆಕ್ಕವಲ್ಲ. ಕರುಳಿಗೂ ಮೂಳೆಗೂ ಇರುವ ವ್ಯತ್ಯಾಸವನ್ನು ವಿವರಿಸುವುದು ಬೇರೆ, ಒಬ್ಬ ವ್ಯಕ್ತಿಗೆ ರೋಗ ಏಕೆ ಬಂತೆಂದು ವಿವರಿಸುವುದು ಬೇರೆ. ಧೂಮಪಾನಿಯ ಶ್ವಾಸಕೋಶದಲ್ಲಿ ನಕಲಿನ ತಪ್ಪೂ ಹೊಗೆಯ ಹಾನಿಯೂ ಒಂದೇ ಎಳೆಯ ಮೇಲೆ ಕೂಡುತ್ತವೆ.

ನಕಲಿನ ಸಂಕಟ ಕ್ಯಾನ್ಸರ್ ಕೋಶದ ಹುಟ್ಟುಗುಣವಾಗಿದ್ದರೆ, ಅದೇ ಅದರ ಮರ್ಮಸ್ಥಾನವೂ ಆಗಿರಬೇಕು. ಚಿಕಿತ್ಸೆ ಈ ಮರ್ಮವನ್ನು ತಿಳಿಯುವ ಎಷ್ಟೋ ಮೊದಲೇ ಅದಕ್ಕೆ ಹೊಡೆಯತೊಡಗಿತ್ತು. 1948ರಲ್ಲಿ ವರದಿಯಾದಂತೆ, ಸಿಡ್ನಿ ಫಾರ್ಬರ್ ರಕ್ತಕ್ಯಾನ್ಸರಿನ 16 ಮಕ್ಕಳಿಗೆ ಅಮಿನೊಪ್ಟೆರಿನ್ ಕೊಟ್ಟಾಗ 10 ಮಕ್ಕಳಲ್ಲಿ ತಾತ್ಕಾಲಿಕವಾಗಿಯಾದರೂ ಸುಧಾರಣೆ ಕಂಡಿತು. ಎಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದಲ್ಲಿ ತಯಾರಾದ ಆ ಔಷಧ ಫೋಲೇಟ್‌ಗೆ ಅಡ್ಡಬರುತ್ತದೆ, ಫೋಲೇಟ್ ಇಲ್ಲದೆ ಡಿಎನ್‌ಎಯ ಕಚ್ಚಾವಸ್ತು ತಯಾರಾಗದು. ಡಿಎನ್‌ಎಯ ಸುರುಳಿ ರಚನೆಯೇ ಆಗ ಗೊತ್ತಿರಲಿಲ್ಲ. ಅದರ ನಂತರ ಬಂದ ಹೈಡ್ರಾಕ್ಸಿಯೂರಿಯ, ಜೆಮ್‌ಸಿಟಬಿನ್, ಸಿಸ್‌ಪ್ಲಾಟಿನ್ ಎಲ್ಲವೂ ಒಂದಲ್ಲ ಒಂದು ಬಗೆಯಲ್ಲಿ ನಕಲಿನ ದಾರಿಗೆ ಕಲ್ಲು ಹಾಕುವಂಥವೇ. ಕೂದಲಿನ ಬುಡದ, ಮೂಳೆಮಜ್ಜೆಯ ಕೋಶಗಳೂ ಅದೇ ದಾರಿಯಲ್ಲಿ ನಡೆಯುವುದರಿಂದ ಅವೂ ಎಡವುತ್ತವೆ.

ಹೊಸ ಆಲೋಚನೆ ತುಸು ಬೇರೆ: ಕಲ್ಲು ಹಾಕುವ ಬದಲು, ಆಗಲೇ ಎಡವುತ್ತಿರುವವನ ಊರುಗೋಲನ್ನು ಕಸಿಯುವುದು. ನಕಲಿನ ಯಂತ್ರ ನಿಂತಾಗ ಎಟಿಆರ್ ಎಂಬ ಕಿಣ್ವ ಉಳಿದ ತಾಣಗಳನ್ನು ತಡೆದು, ನಿಂತ ಯಂತ್ರವನ್ನು ಕಾದು, ವಿಭಜನೆಯನ್ನು ಮುಂದೂಡುತ್ತದೆ. ಕ್ಯಾನ್ಸರ್ ಕೋಶ ಪಿ53 ಅನ್ನು ಕಳೆದುಕೊಂಡರೂ ಎಟಿಆರ್ ಇಲ್ಲದೆ ಬದುಕಲಾರದು; ಅದನ್ನು ತಡೆಯುವ ಔಷಧಗಳು ರೋಗಿಗಳ ಮೇಲಿನ ಪ್ರಯೋಗದ ಹಂತದಲ್ಲಿವೆ. ಈ ಬಗೆಯ ಯೋಚನೆ ಮೊದಲು ಫಲಿಸಿದ್ದು ಬಿಆರ್‌ಸಿಎ ಜೀನು ಕೆಟ್ಟ ಕ್ಯಾನ್ಸರುಗಳಲ್ಲಿ. ಮುರಿದ ಎಳೆಯನ್ನು ನಿಖರವಾಗಿ ಬೆಸೆಯಲು ಬಿಆರ್‌ಸಿಎ ಪ್ರೋಟೀನು ಬೇಕು. ಅದಿಲ್ಲದ ಕೋಶದಲ್ಲಿ ಪಾರ್ಪ್ ಎಂಬ ಇನ್ನೊಂದು ರಿಪೇರಿ ಕಿಣ್ವವನ್ನೂ ತಡೆದರೆ ನಕಲು ಸಾವಿನಲ್ಲಿ ಕೊನೆಗೊಳ್ಳುತ್ತದೆ, ಪಕ್ಕದ ಆರೋಗ್ಯವಂತ ಕೋಶ ತಾಳಿಕೊಳ್ಳುತ್ತದೆ. ಇದನ್ನು ತೋರಿಸಿದ ಎರಡು ಪ್ರಬಂಧಗಳು ಪ್ರಕಟವಾದದ್ದು, ಹೇಗೆ ಒದಗಿ ಬಂತೋ, ಮೇಲೆ ಹೇಳಿದ 2005ರ ಅದೇ ಸಂಚಿಕೆಯಲ್ಲಿ, ಗೊರ್ಗುಲಿಸ್ ಅವರ ಪ್ರಬಂಧದ ಬೆನ್ನಿಗೇ. ಓಲಾಪರಿಬ್ ಎಂಬ ಪಾರ್ಪ್ ತಡೆಕಾರಕಕ್ಕೆ 2014ರಲ್ಲಿ ಅನುಮೋದನೆ ದೊರೆಯಿತು. ಈ ಔಷಧಗಳನ್ನೂ ಕ್ಯಾನ್ಸರ್ ಕೋಶಗಳು ಕಾಲಕ್ರಮದಲ್ಲಿ ದಾಟಿಕೊಳ್ಳುತ್ತವೆ. ಕೆಲವು ಗಡ್ಡೆಗಳಲ್ಲಿ ಕೆಟ್ಟ ಬಿಆರ್‌ಸಿಎ ಜೀನು ಮತ್ತೊಂದು ಮ್ಯುಟೇಶನ್ನಿನಿಂದ ಸರಿಹೋಗಿಬಿಡುತ್ತದೆ. ತಪ್ಪು ನಕಲೇ ಅದಕ್ಕೆ ತಪ್ಪಿಸಿಕೊಳ್ಳುವ ದಾರಿಯನ್ನೂ ಒದಗಿಸುತ್ತದೆ.

ಪರವಾನಗಿಯ ಕಲ್ಪನೆಯನ್ನು ಕೊಟ್ಟ ರಾನ್ ಲಾಸ್ಕಿ ಹತ್ತು ವರ್ಷಗಳ ನಂತರ, 1998ರಲ್ಲಿ, ಸಹೋದ್ಯೋಗಿಗಳೊಂದಿಗೆ ಇನ್ನೊಂದು ಪ್ರಬಂಧವನ್ನು ಪ್ರಕಟಿಸಿದರು. ವಿಭಜನೆಯನ್ನು ಬಿಟ್ಟು ವಿಶ್ರಾಂತಿಗೆ ಸರಿದ ಕೋಶ ತನ್ನ ಎಂಸಿಎಂ, ಸಿಡಿಸಿ6 ಪ್ರೋಟೀನುಗಳನ್ನು ಕಳಚಿಡುತ್ತದೆ ಎಂಬುದನ್ನು ಅವರು ಬಳಸಿಕೊಂಡರು. ಆರೋಗ್ಯವಂತ ಗರ್ಭಕಂಠದಲ್ಲಿ ಈ ಪ್ರೋಟೀನುಗಳು ತಳದ ಪದರಗಳಲ್ಲಿ ಮಾತ್ರ ಸಿಗುತ್ತವೆ; ಮೇಲ್ಮೈಯಿಂದ ಕೆರೆದು ತೆಗೆದ ಕೋಶಗಳಲ್ಲಿ ಅವು ಇರಬಾರದು. ಅವಕ್ಕೆ ಅಂಟುವ ಪ್ರತಿಕಾಯಗಳಿಂದ ಬಣ್ಣ ಹಾಕಿ ಗಾಜಿನ ಮೇಲೆ ಹರಡಿದಾಗ, ಸಾವಿರಾರು ಬಣ್ಣವಿಲ್ಲದ ಕೋಶಗಳ ನಡುವೆ ಅಲ್ಲೊಂದು ಇಲ್ಲೊಂದು ಕೋಶದ ನ್ಯೂಕ್ಲಿಯಸ್ ಗಾಢವಾಗಿ ಎದ್ದು ಕಾಣುತ್ತಿತ್ತು: ವಿಶ್ರಾಂತಿಯ ಪದರಕ್ಕೆ ಬಂದ ಮೇಲೂ ಪರವಾನಗಿಯನ್ನು ಕೆಳಗಿಡದೆ ಹಿಡಿದುಕೊಂಡೇ ಬಂದ ಕೋಶ. ಹೆನ್ರಿಯೆಟಾ ಲ್ಯಾಕ್ಸ್ ಅವರ ದೇಹದಲ್ಲಿಯೂ ಗಡ್ಡೆ ಕೈಗೆ ಸಿಗುವ ಎಷ್ಟೋ ಮುಂಚೆ, ಬಹುಶಃ ವರ್ಷಗಳ ಮುಂಚೆ, ಅಂಥ ಕೆಲವು ಕೋಶಗಳು ಮೇಲ್ಪದರದಲ್ಲಿ ಇದ್ದಿರಬೇಕು.